ವ್ಯಾಗನ್ನಿನ ಕಾಲವನ್ನು ಅದರ ಅಕ್ಷರಗಳೇ ಹೇಳುತ್ತವೆ

ಮಲೆನಾಡಿನ ಗೂಡ್ಸ್ ರೈಲುಗಳ ಪುಟ್ಟ ಪ್ರತಿಕೃತಿಗಳನ್ನು (ಮಾದರಿಗಳನ್ನು) ಮಾಡುವ ಕುರಿತು ನಾನು ಓದಿದ ಲೇಖನವೊಂದು ಸೊಗಸಾಗಿದೆ. ಆದರೆ 1970ರ ದಶಕದ ಸಾಗರ ನಿಲ್ದಾಣದ ಮಾದರಿಗೆ ‘ಬಿಸಿಎನ್’ ಎಂಬ ಮುಚ್ಚಿದ ಸರಕು ವ್ಯಾಗನ್ನುಗಳನ್ನು ಜೋಡಿಸಬಹುದೆಂಬ ಅದರ ಸಲಹೆಯನ್ನು ಒಪ್ಪಲಾಗದು. ಬಿಸಿಎನ್ ಬ್ರಾಡ್‌ಗೇಜಿನ ವ್ಯಾಗನ್ನು (ಗೇಜೆಂದರೆ ಎರಡು ಹಳಿಗಳ ನಡುವಿನ ಅಂತರ), ಅದರ ಹೆಸರಿನ ಕೊನೆಯ ‘ಎನ್’ ಗಾಳಿಯೊತ್ತಡದ ಬ್ರೇಕಿನ ಗುರುತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದು, 1940ರಲ್ಲಿ ತಾಳಗುಪ್ಪವನ್ನು ಮುಟ್ಟಿದ ನಮ್ಮ ಹಳಿಯಾದರೋ ಆಗ ಮೀಟರ್‌ಗೇಜ್. ಅಲ್ಲಿನ ಮುಚ್ಚಿದ ಬೋಗಿ ವ್ಯಾಗನ್ನಿಗೆ ‘ಎಂಬಿಸಿ’ ಎಂಬ ಸಂಕೇತವಿದ್ದು, ಮೊದಲ ಅಕ್ಷರವೇ ಗೇಜನ್ನು ತಿಳಿಸುತ್ತದೆ. ಬ್ರೇಕು ನಿರ್ವಾತದ್ದು (ವ್ಯಾಕ್ಯೂಮ್); ತುದಿಯಲ್ಲಿ ಜೋತುಬೀಳುವ ಅದರ ದಪ್ಪನೆಯ ಕೊಳವೆಯನ್ನು ಮಾದರಿ ಮಾಡುವವರು ಮರೆಯುವುದೇ ಹೆಚ್ಚು.

ಅಳತೆಯ ವಿಷಯದಲ್ಲಿ ಮೀಟರ್‌ಗೇಜಿನ ಮಾದರಿ ಮಾಡುವವರು ಅದೃಷ್ಟವಂತರೆಂದೇ ನನ್ನ ಎಣಿಕೆ. ಎಚ್‌ಒ ಎಂಬ ಪ್ರಮಾಣದಲ್ಲಿ, ಅಂದರೆ ನಿಜವಾದ ಅಳತೆಯ 87ನೇ ಒಂದು ಭಾಗದಲ್ಲಿ (1:87), 1000 ಮಿ.ಮೀ. ಗೇಜು ಸುಮಾರು 11.5 ಮಿ.ಮೀ. ಆಗುವುದರಿಂದ, ಮಾರುಕಟ್ಟೆಯ 12 ಮಿ.ಮೀ. ಹಳಿ ಬಹುಮಟ್ಟಿಗೆ ಸರಿಹೊಂದುತ್ತದೆ. 1676 ಮಿ.ಮೀ. ಬ್ರಾಡ್‌ಗೇಜಿಗೆ 19.3 ಮಿ.ಮೀ. ಬೇಕಿದ್ದರೂ ಬಹುತೇಕರು 16.5 ಮಿ.ಮೀ. ಹಳಿಯಲ್ಲೇ ತೃಪ್ತಿಪಡುತ್ತಾರೆ.

ಬಣ್ಣ ಬಳಿದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ: ವ್ಯಾಗನ್ನಿನ ಪಕ್ಕದಲ್ಲಿ, ತಲುಪಬೇಕಾದ ಊರಿನ ಹೆಸರು ಬರೆದ ಚೀಟಿಯನ್ನು ಸಿಕ್ಕಿಸುವ ತಗಡಿನ ಪುಟ್ಟ ಕ್ಲಿಪ್ಪು. ನಮ್ಮ ಕಡೆಯ ಮಳೆಗಾಲವಾದರೆ ಆ ಚೀಟಿಯ ಶಾಯಿ ಕಲಸಿಹೋಗಿರಬೇಕು.