ಮೂರಕ್ಷರದ ಊರು, ಒಂಬತ್ತು ಪ್ರಶ್ನೆ

ಕಾಕಾನ ಮಗಳ ಲಗ್ನ. ಲಗ್ನಪತ್ರಿಕೆ ಮೇಲೆ ಅಂಟಿಸುವ ವಿಳಾಸದ ಚೀಟಿ ಪ್ರಿಂಟ್ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. "ಹೆಂಗೂ ದಿನಾ ಕಂಪ್ಯೂಟರ್ ಮುಂದ ಕುಂತಿರ್ತಿ, ಇದೊಂದು ಮಾಡ್ಕೊಡಪಾ" ಎಂದರು ಕಾಕಾ. ಧಾರವಾಡದಲ್ಲಿ ಮೂವತ್ತು ವರ್ಷ ಕನ್ನಡ ಸಾಲಿ ಮಾಸ್ತರಾಗಿದ್ದವರು. ಈ ಮಾತನ್ನು ನಾನು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು.

ಇನ್ನೂರು ವಿಳಾಸ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಮುಗೀತು ಅಂದುಕೊಂಡೆ. ಚೀಟಿ ಪ್ರಿಂಟಿಗೆ ಅಂತ ಹುಡುಕಿದಾಗ ಒಂದು ಹಳೇ ಲೈಬ್ರರಿ, ಅಂದರೆ ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡ್, ಸಿಕ್ಕಿತು. ಅದಕ್ಕೆ ಗೊತ್ತಿದ್ದದ್ದು ಆಸ್ಕಿ ಒಂದೇ. ಕಂಪ್ಯೂಟರಿಗಾಗಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ, 1963ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಟ್ಟಿ ಅದು. ಒಟ್ಟು 128 ಜಾಗ, ಇಂಗ್ಲಿಷ್ ಅಕ್ಷರ, ಅಂಕಿ, ಅಲ್ಪವಿರಾಮ ಎಲ್ಲ ಅದರಲ್ಲೇ. ಜಗತ್ತಿನ ಲಿಪಿಗಳಿಗೆ ಜಾಗ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಬರೀ ಕನ್ನಡಕ್ಕೇ 128 ಜಾಗ ತೆಗೆದಿಟ್ಟಿದ್ದಾರೆ! ಆದರೆ ಈ ಲೈಬ್ರರಿಗೆ ಅದರ ಸುದ್ದಿಯೇ ಮುಟ್ಟಿರಲಿಲ್ಲ.

ಕನ್ನಡ ಕೊಟ್ಟೆ, ಎರರ್ ಬಂತು. ಬುದ್ಧಿ ಇದ್ದವರು ಕಾರಣ ಹುಡುಕುತ್ತಾರೆ. ನಾನು ಸುಮ್ನೆ 'ಇಗ್ನೋರ್' ಅಂತ ಹಾಕಿದೆ. ತಿಳಿಯದ ಅಕ್ಷರ ಬಿಟ್ಟು ಮುಂದೆ ಹೋಗು ಅಂತ ಅರ್ಥ. ಹೋಯಿತು. ಇನ್ನೂರು ಚೀಟಿ ಸರಸರ ಹೊರಗೆ ಬಂದವು. ಹೆಸರಿಲ್ಲ, ಓಣಿಯಿಲ್ಲ, ಊರಿಲ್ಲ. ಮೇಲಿನ ಚೀಟಿಯಲ್ಲಿ ಎರಡು ಅಲ್ಪವಿರಾಮ, ಕೆಳಗೆ ಗದಗದ ಪಿನ್‌ಕೋಡ್ 582101.

ಕಾಕಾ ಕನ್ನಡಕ ಏರಿಸಿದರು. "ಅಲ್ಲೋ ತಮ್ಮಾ, ಒಬ್ಬ ಬೀಗರನ್ನ ಕರಿ ಅಂದ್ರ ಇಡೀ ಗದಗ ಕರಿಯಾಕ ಹೊಂಟೀಯಲ್ಲ? ಅಡಗಿ ಯಾರ್ ಮಾಡವ್ರು?"

ಎರಡನೇ ಸಲ 'ರಿಪ್ಲೇಸ್' ಹಾಕಿದೆ. ಈಗ ತಿಳಿಯದ ಅಕ್ಷರಕ್ಕೆಲ್ಲ ಪ್ರಶ್ನಾರ್ಥಕ ಚಿಹ್ನೆ. ಕಾಕಾ ತಮ್ಮದೇ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಚೀಟಿಯ ಮೇಲೆ ಬೆರಳಿಟ್ಟು ಎಣಿಸಿದರು. "ಹುಬ್ಬಳ್ಳಿ ಮೂರಕ್ಷರ. ಇಲ್ಲಿ ಒಂಬತ್ತದಾವು."

ವಿವರಿಸಲು ಹೋದೆ. ಕಂಪ್ಯೂಟರಿಗೆ ಹ ಬೇರೆ, ಕೊಂಬು ಬೇರೆ. ಬ, ವಿರಾಮ (ಅಂದರೆ ಅಕಾರ ತೆಗೆಯುವ ಚಿಹ್ನೆ), ಮತ್ತೊಂದು ಬ. ಳ, ವಿರಾಮ, ಮತ್ತೊಂದು ಳ, ಕೊನೆಗೆ ಗುಡಿಸು. ಒಟ್ಟು ಒಂಬತ್ತು.

"ಗದಗ?"

"ಮೂರು."

"ಗದಗದವ್ರ ಲೆಕ್ಕ ಯಾವಾಗ್ಲೂ ಚೊಕ್ಕ" ಎಂದರು ಕಾಕಾ. ಕಾಕೂ ತವರು ಗದಗ, ಆಕೆ ಅಲ್ಲೇ ಕುಳಿತಿದ್ದಳು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಧಾರವಾಡಕ್ಕೆ ಆರು ಪ್ರಶ್ನೆ, ಹಾವೇರಿಗೂ ಆರೇ ಪ್ರಶ್ನೆ. ಎರಡು ಚೀಟಿ ಒಂದರ ಪಕ್ಕ ಒಂದಿಟ್ಟು ಕಾಕಾ ನನ್ನ ಮುಖ ನೋಡಿದರು. "ಹಾವೇರಿ ಅತ್ತಿ ಪತ್ರಿಕಾ ಧಾರವಾಡದಾಗ ತಿರಗ್ಯಾಡ್ತಂದ್ರ, ಆಕಿ ಸಿಟ್ಟು ನೀ ತಡ್ಕೋತೀಯೇನು?"

ಮೂರನೇ ಸಲ ಕನ್ನಡವನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವ ಕೋಡ್ ನಾನೇ ಬರೆದೆ. ವ್ಯಂಜನದ ಒಳಗಿನ ಅಕಾರ ಮರೆತೆ. ಗದಗ ಹೋಗಿ 'ಗ್ದ್ಗ್' ಆಯಿತು. ಕಾಕಾ ಜೋರಾಗಿ ಓದಿದರು. ಒಳಗಿಂದ ಅಮ್ಮ ನೀರಿನ ತಂಬಿಗೆ ಹಿಡಿದು ಓಡಿ ಬಂದಳು, ಅವಲಕ್ಕಿ ಗಂಟಲಿಗೆ ಸಿಕ್ಕಿತು ಅಂತ.

"ಏನಾತು?"

"ಲೈಬ್ರರಿಯಾಗ ಕನ್ನಡ ಇಲ್ಲಂತ" ಎಂದರು ಕಾಕಾ.

"ಹಂಗಾರ ಬ್ಯಾರೆ ಲೈಬ್ರರಿಗೆ ಹೋಗ್ಬೇಕಪಾ" ಎಂದಳು ಅಮ್ಮ. ಮೂರು ತಾಸಿನಲ್ಲಿ ನನಗೆ ಹೊಳೆಯದ ಮಾತು.

ಆದರೆ ಅಷ್ಟು ಹೊತ್ತಿಗೆ ಕಾಕಾ ಶಾಯಿ ಪೆನ್ನು ತೆಗೆದಾಗಿತ್ತು. ನೂರು ಅವರಿಗೆ, ನೂರು ನನಗೆ. ನಾನು ಕೈಯಲ್ಲಿ ಕನ್ನಡ ಬರೆದು ಎಷ್ಟು ವರ್ಷ ಆಗಿತ್ತೋ. ಹತ್ತು ಚೀಟಿ ಬರೆದು ಒಪ್ಪಿಸಿದೆ. ಕಾಕಾ ಕೆಂಪು ಪೆನ್ನು ಕೇಳಿದರು.

"ಹುಬ್ಬಳ್ಳಿ ಬ ಒತ್ತು ಎಲ್ಲೈತಿ? ಇದನ್ನೂ ಲೈಬ್ರರಿನ ನುಂಗ್ತೇನು?"