ಟೀಪಾಯಿ ಮೇಲಿನ ವಟವೃಕ್ಷ

ಬೋನ್ಸಾಯ್, ಅಂದರೆ ಕುಂಡದೊಳಗಿನ ಕುಬ್ಜ ಮರ, ಬೆಳೆಸಿದರೆ ಮನಸ್ಸು ಶಾಂತವಾಗುತ್ತದೆ, ತಾಳ್ಮೆ ಬರುತ್ತದೆ ಎಂದು ಬರೆಯುವವರ ಮನೆಗೆ ಧಾರವಾಡದಿಂದ ಅಮ್ಮ ಬಂದು ಇದ್ದ ಹಾಗೆ ಕಾಣುವುದಿಲ್ಲ.

ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿರುವುದು ಫೈಕಸ್ ಮೈಕ್ರೊಕಾರ್ಪ. ಆಲ, ಅರಳಿ, ಅತ್ತಿ, ಬಸರಿಗಳ ಬಳಗದ್ದೇ. ಅಂಗಡಿಯಲ್ಲಿ ಅದನ್ನು ‘ಜಿನ್ಸೆಂಗ್ ಬೋನ್ಸಾಯ್’ ಎಂದು ಮಾರುತ್ತಾರೆ. ಔಷಧಿಗೆ ಬಳಸುವ ನಿಜವಾದ ಜಿನ್ಸೆಂಗ್ ಬೇರಿಗೂ ಇದಕ್ಕೂ ಯಾವ ನಂಟೂ ಇಲ್ಲ, ಬೇರು ಊದಿಕೊಂಡು ಮಣ್ಣಿನ ಮೇಲೆ ಕೂತಿರುತ್ತದೆ ಅಷ್ಟೇ. ನಮಗೆ ಕೊಟ್ಟ ಕುಂಡದ ಮೇಲೆ ಬಿಳಿ ಕಲ್ಲು ಹರಡಿ, ಅದರ ಮೇಲೆ ಅಂಟು ಸುರಿದು ಗಟ್ಟಿ ಮಾಡಿದ್ದರು. ನೋಡಲು ಚಂದ. ಆದರೆ ಹಾಕಿದ ನೀರು ಮಣ್ಣಿಗಿಳಿಯದೆ ಮೇಲಿಂದಲೇ ಜಾರಿ, ಟೀಪಾಯಿ ಮೇಲಿದ್ದ ಪೇಪರಿಗೆ ಹೋಗುತ್ತಿತ್ತು. ಗಿಡ ಒಣಗಿತ್ತು, ಸಂಪಾದಕೀಯ ನೆನೆದಿತ್ತು. ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಕಲ್ಲು ಕೀಳುತ್ತಿದ್ದ ನನ್ನನ್ನು ನೋಡಿ ಹೆಂಡತಿ, "ಹಲ್ಲಿನ ಡಾಕ್ಟರ್ ಆಗಬೇಕಿತ್ತು ರೀ ನೀವು" ಅಂದಳು.

ನೀರಿನ ನಿಯಮ ಸರಳ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಬೇಕು. ತೇವ ಇದ್ದರೆ ಸುಮ್ಮನಿರಬೇಕು. ಮೇಲ್ಮಣ್ಣು ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಬೇಕು. ಈ ‘ಸುಮ್ಮನಿರುವುದು’ ಇದೆಯಲ್ಲ, ಅದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ಬೆಳಗ್ಗೆ ಅಮ್ಮ ಅಕ್ಕಿ ತೊಳೆದ ನೀರು ಹಾಕುತ್ತಾರೆ, "ಭಾಳ ಸತ್ವ ಇರ್ತದ" ಅಂತ. ನೆಲ ಒರೆಸಲು ಬರುವ ಅಕ್ಕ "ಪಾಪ" ಅಂದುಕೊಂಡು ಒಂದು ಚೊಂಬು. ಸ್ಕೂಲಿನಿಂದ ಬಂದ ಮಗಳು ಬಾಟಲಿಯಲ್ಲಿ ಉಳಿದದ್ದನ್ನೆಲ್ಲ. ಬೇರು ಕೊಳೆತರೆ ಗಿಡ ಸಾಯುತ್ತದೆ, ಬೇರಿಗೂ ಗಾಳಿ ಬೇಕು ಎಂದು ವಿವರಿಸಿ ಸಾಕಾಗಿ, ‘ದಯವಿಟ್ಟು ನೀರು ಹಾಕಬೇಡಿ’ ಎಂದು ಚೀಟಿ ಅಂಟಿಸಿದೆ.

"ಗಿಡಕ್ಕ ನೀರ ಹಾಕಬ್ಯಾಡ್ರಿ ಅಂತ ಬೋರ್ಡ್ ಬರದದ್ದು ಇದೊಂದ ಮನಿ ನೋಡಿದೆ ನಾ," ಅಂದರು ಅಮ್ಮ. ಆ ಚೀಟಿಯೂ ನೀರು ಬಿದ್ದೇ ಹರಿಯಿತು.

ಇಂಥದರಲ್ಲಿ ಕೆಳಗಿನ ಮನೆಯ ಅಂಕಲ್ ಬಂದರು. ಆಲದ ಜಾತಿಯಂತೆ, ಬೇರು ಇಳಿದು ತಮ್ಮ ಸೀಲಿಂಗ್ ಬಿರುಕು ಬಿಟ್ಟರೆ ಯಾರು ಹೊಣೆ ಅಂತ. ಅವರ ಭಯಕ್ಕೆ ಆಧಾರ ಇಲ್ಲದಿಲ್ಲ. ಬೆಂಗಳೂರಿನ ಹತ್ತಿರದ ರಾಮೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹಬ್ಬಿದೆ, ಮೂಲ ಕಾಂಡವೇ ಹೋದರೂ ಬಿಳಲುಗಳ ಮೇಲೆ ನಿಂತಿದೆ. ಅವರು ಅದನ್ನು ನೋಡಿ ಬಂದಿದ್ದರು. ನಮ್ಮ ಕುಂಡದ ಆಳ ಎರಡು ಅಂಗುಲ ಎಂದು ಸ್ಕೇಲ್ ಇಟ್ಟು ತೋರಿಸಿದೆ. "ಈಗ ಎರಡು," ಎಂದು ಹೇಳಿ ಹೋದರು.

ಅಷ್ಟರಲ್ಲಿ ಜ್ಯೇಷ್ಠ ಹುಣ್ಣಿಮೆ ಬಂತು. ವಟಸಾವಿತ್ರಿ, ಏಳು ಜನ್ಮಕ್ಕೂ ಇದೇ ಗಂಡ ಸಿಗಲೆಂದು ಮುತ್ತೈದೆಯರು ವಟಕ್ಕೆ, ಅಂದರೆ ಆಲದ ಮರಕ್ಕೆ, ನೂಲು ಸುತ್ತುವ ವ್ರತ. ಅಮ್ಮನಿಗೆ ಊರಿನಲ್ಲಾದರೆ ಗುಡಿಯ ಮುಂದೆ ಆಲದ ಮರ ಇದೆ, ಇಲ್ಲಿ ಅಪಾರ್ಟ್‌ಮೆಂಟಿನ ಸುತ್ತ ಇರುವುದೆಲ್ಲ ಪಾಮ್ ಗಿಡ. ಇದು ವಟ ಅಲ್ಲಮ್ಮ, ಬೇರೆ ಜಾತಿ ಅಂದೆ. "ಬಿಳಲು ಬಿಟ್ಟದಲ್ಲೋ, ಇನ್ನೇನು ಬೇಕು?" ಎಂದು, ಕಾಂಡದಿಂದ ಇಳಿದಿದ್ದ ದಾರದಂಥ ಒಂದೇ ಒಂದು ಬಿಳಲನ್ನು ತೋರಿಸಿದರು. ನನ್ನ ಸಸ್ಯಶಾಸ್ತ್ರ ಅಲ್ಲಿಗೆ ಮುಗಿಯಿತು.

ಕಿಟಕಿಯ ಪಕ್ಕ ಗೋಡೆಗೆ ಆತು ಇದ್ದ ಮರಕ್ಕೆ ಪ್ರದಕ್ಷಿಣೆ ಹಾಕುವುದಾದರೂ ಹೇಗೆ? ಟೀಪಾಯಿ ಸಮೇತ ಹಾಲಿನ ನಡುವೆ ತಂದಿಟ್ಟರು. ಸುದ್ದಿ ಲಿಫ್ಟಿಗಿಂತ ಬೇಗ ಮೇಲಕ್ಕೆ ಹೋಗಿ, ರೇಷ್ಮೆ ಸೀರೆಯುಟ್ಟ ಮುತ್ತೈದೆಯರು ಅರಿಶಿನದ ನೂಲಿನೊಂದಿಗೆ ಇಳಿದು ಬಂದರು. ಕೊಂಬೆ ಬಾಗಲೆಂದು ನಾನು ಸುತ್ತಿದ್ದ ಅಲ್ಯೂಮಿನಿಯಂ ತಂತಿ ನೋಡಿ ಒಬ್ಬರು, "ಆಗಲೇ ಯಾರೋ ಪೂಜೆ ಮಾಡಿಬಿಟ್ಟಿದಾರಲ್ಲ, ಅದೂ ತಂತೀಲಿ! ಗಟ್ಟಿ ಸಂಕಲ್ಪ ಇರಬೇಕು" ಅಂದರು. ಅವರ ಯಜಮಾನರು ಬಾಗಿಲಲ್ಲೇ ನಿಂತು, ಇಷ್ಟು ಚಿಕ್ಕ ಮರಕ್ಕೆ ಏಳು ಜನ್ಮ ಹೆಚ್ಚಾಯಿತು, ಎರಡಕ್ಕೆ ಮುಗಿಸಬಹುದೇನೋ ಎಂದು ಆಸೆಯಿಂದ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಪೂಜೆ ಎಂದ ಮೇಲೆ ಪಂಚಾಮೃತ ಇರಲೇಬೇಕು. ಬೇರಿಗೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲ ಸಂದಾಯವಾಯಿತು. ರಾತ್ರಿಯೊಳಗೆ ಇರುವೆ ಬಂದವು. ಇರುವೆಗಳು ಇರುವ ಕಡೆ ಹಿಟ್ಟು ತಿಗಣೆಗೆ ಒಳ್ಳೆಯ ಕಾಲ. ಅದು ಎಲೆಯ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಆ ಅಂಟಿಗಾಗಿ ಇರುವೆ ಅದನ್ನು ಶತ್ರುಗಳಿಂದ ಕಾಯುತ್ತದೆ. ಕೆಲವು ದಿನಗಳಲ್ಲಿ ಎಲೆಯ ಬುಡದಲ್ಲೆಲ್ಲ ಬಿಳಿ ಹತ್ತಿಯಂತೆ ಅವೇ. ಬೇವಿನ ಎಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಿದೆ. ವಾಸನೆಗೆ ತಿಗಣೆಗಳಿಗಿಂತ ಮೊದಲು ಹೆಂಡತಿ ಬಾಲ್ಕನಿಗೆ ಹೋದಳು.

ಆಮೇಲೆ ಎಲೆ ಉದುರಲು ಶುರು. ಈ ಫೈಕಸ್‌ಗಳ ಸ್ವಭಾವವೇ ಹಾಗೆ. ಜಾಗ ಬದಲಿಸಿ ಬೆಳಕು ಕಡಿಮೆಯಾದರೆ ಸಾಕು, ಹಳದಿಯಾಗಿ ಕಳಚಿಕೊಳ್ಳುತ್ತವೆ. ನಾನು ಮತ್ತೆ ಕಿಟಕಿಗೆ ಸಾಗಿಸಿದೆ. ಅಮ್ಮ "ಇಷ್ಟ ಮಂದಿ ನೋಡ್ಯಾರ, ದೃಷ್ಟಿ ಆಗದ ಇರ್ತದೇನು" ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದೆವು. ಕೆಲವು ವಾರಕ್ಕೆ ಕೆಂಪು ಚಿಗುರು ಬಂತು. ಕಿಟಕಿಯ ಬೆಳಕಿನಿಂದ ಎಂದು ನಾನು, ಮೆಣಸಿನಕಾಯಿಯಿಂದ ಎಂದು ಅವರು. ಬಂದವರ ಮುಂದೆ ಅವರ ಮಾತೇ ನಡೆಯುತ್ತದೆ.

ಈಗ ಮುಂದಿನ ಪೇಚು. ಒಂದೆರಡು ವರ್ಷಕ್ಕೊಮ್ಮೆ ಇದನ್ನು ಕುಂಡದಿಂದ ಎತ್ತಿ, ಬೇರು ಕತ್ತರಿಸಿ, ಹೊಸ ಮಣ್ಣಿಗೆ ಕೂರಿಸಬೇಕು. ಪೂಜೆಗೊಂಡ ಮರದ ಬೇರಿಗೆ ಕತ್ತರಿ ಎಂದಾಗ ಅಮ್ಮ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಪಂಚಾಂಗ ತೆಗೆದರು. ಮಂಗಳವಾರ, ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ, ಅಷ್ಟಮಿ ನವಮಿ ಬೇಡ, ರಾಹುಕಾಲ ಬಿಟ್ಟು ಗುರುವಾರ ಬೆಳಗ್ಗೆ ಆದೀತು ಅಂದರು. ಅವತ್ತು ನನಗೆ ಆಫೀಸಿನಲ್ಲಿ ಮೀಟಿಂಗ್ ಇದೆ. ಮ್ಯಾನೇಜರಿಗೆ ರಜೆಯ ಕಾರಣ ಏನು ಬರೆಯಲಿ ಎಂದು ಯೋಚಿಸುತ್ತಿದ್ದೇನೆ. ‘ಮನೆಯಲ್ಲಿ ಆಪರೇಷನ್’ ಅಂದರೆ ಸುಳ್ಳಂತೂ ಆಗುವುದಿಲ್ಲ.