ಮನೆ ಫ್ರಾನ್ಸಲ್ಲಿ, ಜಂಬ ಜಿನೀವಾದ್ದು

ನಿನ್ನೆ ಊಟದ ಹೊತ್ತಲ್ಲಿ ನಮ್ಮವರೇ ಒಬ್ಬರು, ಹೊಸದಾಗಿ ಬಂದ ಹುಡುಗನಿಗೆ ಹೇಳುತ್ತಿದ್ದರು: "ನಾವು ಇರೋದು ಜಿನೀವಾದಲ್ಲಿ." ಅವರ ಮನೆ ಇರುವುದು ನಮ್ಮ ಬೀದಿಯಲ್ಲೇ, ಗಡಿಯ ಈಚೆ ಫ್ರಾನ್ಸಿನ ಸೇಂಟ್ ಜೆನಿಯಲ್ಲಿ! ಪಾರ್ಸೆಲ್ ತರಿಸುವಾಗ ಮಾತ್ರ 01630 ಅಂತ ಫ್ರಾನ್ಸಿನ ಪಿನ್‌ಕೋಡ್ ತಪ್ಪದೆ ಬರೆಯುತ್ತಾರೆ. ನಾನು ಹಪ್ಪಳ ಮುರಿದದ್ದು ಸ್ವಲ್ಪ ಜೋರಾಗೇ ಕೇಳಿಸಿತು ಅನ್ನಿ.

ಜೆಕ್ಸ್ ಅಂದರೆ ನಮ್ಮ ಸೇಂಟ್ ಜೆನಿ ಇರುವ ಸೀಮೆ; ಅದರ ವಿಷಯ ಬಂದರೆ ನನಗೆ ತಲೆ ಕೆಡುತ್ತದೆ. ಬೆನ್ನಿಗೆ ಜೂರಾ ಬೆಟ್ಟ, ಎದುರಿಗೆ ಸ್ವಿಸ್ ಗಡಿ. ನಮ್ಮಲ್ಲಿ ಎ.ಸಿ. ಕಚೇರಿ ಇರುವ ಉಪವಿಭಾಗ ಇರುತ್ತಲ್ಲ, ಹಾಗೆ. ಜಿಲ್ಲಾ ಕೇಂದ್ರ ಬೂರ್-ಆಂ-ಬ್ರೆಸ್ ಬೆಟ್ಟದ ಆಚೆ. ಹೀಗಾಗಿ ಎಲ್ಲರ ಮುಖವೂ ಜಿನೀವಾ ಕಡೆಗೇ.

2012ರಲ್ಲಿ ಗಡಿಯ ಎರಡೂ ಕಡೆ ಹರಡಿರುವ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಹಿಗ್ಸ್ ಅನ್ನುವ ಸೂಕ್ಷ್ಮ ಕಣ ಸಿಕ್ಕಿದಾಗ ಪೇಪರಿನವರೂ ಜಿನೀವಾ ಜಿನೀವಾ ಅಂದರು. ಅದನ್ನು ಪತ್ತೆ ಹಚ್ಚಿದ ಎರಡು ಯಂತ್ರಗಳಲ್ಲಿ ಒಂದಾದ ಸಿಎಂಎಸ್ ಇರುವುದು ಜೆಕ್ಸ್ ಪಟ್ಟಣದ ಪಕ್ಕದ ಸೆಸ್ಸಿಯಲ್ಲಿ. 14,000 ಟನ್ ತೂಕ, ನೆಲದಿಂದ 100 ಮೀಟರ್ ಕೆಳಗೆ. ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ 27 ಕಿ.ಮೀ. ಸುರಂಗದ ಬಹುಪಾಲು ಫ್ರಾನ್ಸಿನ ಹೊಲಗಳ ಅಡಿಯಲ್ಲೇ ಇದೆ. ಊರಿಂದ ಬರುವ ನೆಂಟರು ಸರ್ನ್‌ನ ಸ್ವಿಸ್ ಕಡೆಯ ಆವರಣದಲ್ಲಿರುವ ನಟರಾಜನ ವಿಗ್ರಹದ ಮುಂದೆ ಫೋಟೋ ಹೊಡೆಸಿಕೊಂಡು ಹೊರಟುಬಿಡುತ್ತಾರೆ. ಸೆಸ್ಸಿ ಅಂದರೆ "ಅದೆಲ್ಲಿದೆ?" ಅಂತಾರೆ.

"ಸಂಬಳ ಕೊಡೋದು ಜಿನೀವಾ ತಾನೆ?" ಅನ್ನಬಹುದು. ಹೌದಪ್ಪ, ಇಲ್ಲಿಂದ ಗಡಿ ದಾಟಿ ಅಲ್ಲಿ ಕೆಲಸಕ್ಕೆ ಹೋಗುವವರಿಗೆ ಕೊಡುತ್ತದೆ. ತೆರಿಗೆಯನ್ನೂ ಅಲ್ಲೇ ಮುರಿದುಕೊಳ್ಳುತ್ತದೆ. 1973ರ ಒಪ್ಪಂದದ ಪ್ರಕಾರ ಒಟ್ಟು ಸಂಬಳದ ಶೇ. 3.5ರಷ್ಟು ಈ ಕಡೆಗೆ ವಾಪಸ್ ಬರುತ್ತದೆ. ಆ ದುಡ್ಡನ್ನೂ ಸೇರಿಸಿಕೊಂಡು ಶಾಲೆ, ರಸ್ತೆ, ನೀರು ನೋಡಿಕೊಳ್ಳಬೇಕು. ಈ ಕಡೆ ಕಲಿತ ನರ್ಸುಗಳು ಜಾಸ್ತಿ ಸಂಬಳಕ್ಕೆ ಆ ಕಡೆ ಹೋಗುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ಬಾಡಿಗೆ ಕಡಿಮೆ ಅಂತಲೇ ನಾನು ಇಲ್ಲಿಗೆ ಬಂದವಳು. ಪ್ರೀತಿ ಹುಟ್ಟಿದ್ದು ಆಮೇಲೆ.

ಜಿನೀವಾಕ್ಕೆ ಜೆಕ್ಸ್ ಬೇಕಿಲ್ಲ ಅಂದುಕೊಂಡಿರಾ? ಇಲ್ಲಿನ ಸರಕು ಸುಂಕ ಇಲ್ಲದೆ ಬರಲಿ ಅಂತ 1815ರಲ್ಲೇ ಫ್ರಾನ್ಸಿನ ಸುಂಕದ ಗಡಿಯನ್ನು ಹಿಂದಕ್ಕೆ ತಳ್ಳಿಸಿದರು. ಫ್ರಾನ್ಸ್ 1923ರಲ್ಲಿ ಸುಂಕದವರನ್ನು ಮತ್ತೆ ಗಡಿಗೆ ತಂದು ಕೂರಿಸಿದಾಗ ಸ್ವಿಸ್‌ನವರು ಸುಮ್ನೆ ಬಿಡಲಿಲ್ಲ. ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟಿಗೆ ಹೋಗಿ 1932ರಲ್ಲಿ ಗೆದ್ದು ಬಂದರು. ಹಾಲು, ತರಕಾರಿಗೆ ಬೇಕಾದ ಊರು ಹೆಸರು ಹೇಳುವಾಗ ಮಾತ್ರ ಬೇಡ!

ಈಗಲೂ ಅಷ್ಟೇ. ಶನಿವಾರ ನಮ್ಮ ಸೂಪರ್‌ಮಾರ್ಕೆಟ್‌ಗೆ ಬಂದು ನೋಡಿ, ಪಾರ್ಕಿಂಗ್ ತುಂಬ ಜಿನೀವಾ ನಂಬರಿನ ಕಾರುಗಳು. ಮಾಂಸ, ಚೀಸ್ ಎಲ್ಲ ಇಲ್ಲಿ ಅಗ್ಗ ಅಲ್ವಾ. ನಾನು ಮಾತ್ರ ಒಂದು ಲೀಟರ್ ಹಾಲಿಗೆ ಜಾಗ ಹುಡುಕುತ್ತಾ ಸುತ್ತು ಹೊಡೆಯಬೇಕು.